ಉಬ್ಬಿದ್ದು ಕಣ್ಣು, ಕಟ್ಟಿದ್ದು ಮೂಗಿನ ತೂಬು

ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ಬಂದ ಪಕ್ಕದ ಮನೆಯವರು ಫೋನಿನಲ್ಲಿ ಫೋಟೊ ತೋರಿಸುತ್ತಿದ್ದರು. ತೇರಿನ ಮುಂದೆ ಒಂಬತ್ತು ವರ್ಷದ ಮಗಳು. ಎಡಗಣ್ಣು ಸ್ವಲ್ಪ ಮುಂದೆ ಬಂದು, ಕಿವಿಯ ಕಡೆ ಸರಿದ ಹಾಗಿದೆ. ಹಿಂದಿನ ವರ್ಷದ ಜಾತ್ರೆ ಫೋಟೊ ತೆಗೆದರೆ ಎರಡೂ ಕಣ್ಣು ಸಮ! ದಿನಾ ನೋಡುವವರಿಗೆ ಗೊತ್ತೇ ಆಗಿರಲಿಲ್ಲ. ಅಜ್ಜಿ "ಯಾರ್ದೋ ಕಣ್ಣು ಬಿದ್ದೈತಿ" ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು.

ಬಳ್ಳಾರಿಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ಕಣ್ಣು ಚೆನ್ನಾಗಿಯೇ ಇತ್ತು. ತಂಟೆ ನೆರೆಮನೆಯದು, ಅಂದರೆ ಸೈನಸ್ಸಿನದು. ಹೆಸರು ಮ್ಯೂಕೋಸೀಲ್, ಅಂದರೆ ಸಿಂಬಳ ತುಂಬಿ ಉಬ್ಬಿದ ಚೀಲ.

ಸೈನಸ್ ಎಂದರೆ ಮುಖದ ಮೂಳೆಯೊಳಗಿನ ಗಾಳಿಗೂಡು. ಅದರ ಒಳಗೋಡೆಯಲ್ಲಿ ಸಿಂಬಳ ಸದಾ ಜಿನುಗುತ್ತದೆ. ಕಣ್ಣಿಗೆ ಕಾಣದ ರೋಮಗಳು ಅದನ್ನು ಒಂದು ಕಿಂಡಿಯತ್ತ ತಳ್ಳಿ ಮೂಗಿಗೆ ಬಿಡುತ್ತವೆ. ಕೆನ್ನೆಯ ಸೈನಸ್ಸಿನಲ್ಲಂತೂ ಕಿಂಡಿ ಇರುವುದು ಮೇಲುಗಡೆ. ಅಲ್ಲಿ ನಡೆಯುವುದು ಏತ ನೀರಾವರಿಯೇ ಸರಿ. ಪದೇ ಪದೇ ಸೋಂಕು, ಪೆಟ್ಟು, ಹಳೆಯ ಆಪರೇಷನ್, ಹೀಗೆ ಯಾವುದರಿಂದಲೋ ಕಿಂಡಿ ಮುಚ್ಚಿತು ಅನ್ನಿ. ಅದು ತೂಬು ಕಟ್ಟಿದ ಕೆರೆ. ಕೆರೆಗಾದರೆ ಕೋಡಿ ಇರುತ್ತದೆ, ಇಲ್ಲಿ ಅದೂ ಇಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಿಂಬಳ ತುಂಬುತ್ತಾ ಹೋಗಿ ಮೂಳೆಯನ್ನೇ ಸವೆಸುತ್ತದೆ. ನೋವು ಇರಲೇಬೇಕೆಂದಿಲ್ಲ.

ಎರಡು ಕಣ್ಣುಗಳ ನಡುವೆ ಇರುವುದು ಎಥ್ಮಾಯ್ಡ್ ಸೈನಸ್. ಅದಕ್ಕೂ ಕಣ್ಣಿನ ಗೂಡಿಗೂ ನಡುವಿನ ಗೋಡೆ ಎಷ್ಟು ತೆಳುವೆಂದರೆ, ಲ್ಯಾಟಿನ್‌ನಲ್ಲಿ ಅದರ ಹೆಸರೇ 'ಕಾಗದದಂಥ ಪದರ'. ಹಣೆಯ ಸೈನಸ್ ಬೆಳೆಯುವುದು ತಡವಾಗಿ. ಎಥ್ಮಾಯ್ಡ್ ಹುಟ್ಟುವಾಗಲೇ ಇರುತ್ತದೆ. ಗೋಡೆ ಬಾಗಿದರೆ ಕಣ್ಣಿಗೆ ಹೊರಗೆ ಸರಿಯದೆ ಬೇರೆ ದಾರಿ ಇಲ್ಲ.

ಮಕ್ಕಳಲ್ಲಿ ಇದು ಅಪರೂಪ. ಹಾಗಾಗಿ ಕಂಡಾಗ ಡಾಕ್ಟರು ಸಿಸ್ಟಿಕ್ ಫೈಬ್ರೋಸಿಸ್ ಇದೆಯೇ ಎಂದೂ ನೋಡುತ್ತಾರೆ. ಆ ಕಾಯಿಲೆಯಲ್ಲಿ ಸಿಂಬಳ ಅಂಟಂಟು, ಬೆವರಿನಲ್ಲಿ ಉಪ್ಪು ಜಾಸ್ತಿ. ಪರೀಕ್ಷೆ ಮಾಡುವುದೂ ಬೆವರನ್ನೇ. ಅಜ್ಜಿಯ ಉಪ್ಪು ಪೂರ್ತಿ ದಾರಿ ತಪ್ಪಿರಲಿಲ್ಲ, ಅಲ್ವಾ? ಈ ಹುಡುಗಿಗೆ ಆ ಕಾಯಿಲೆ ಇರಲಿಲ್ಲ.

ಜ್ವರ ಬಂದು ಕಣ್ಣು ಕೆಂಪಗೆ ಊದಿದರೆ, ನೋಟ ಮಂಜಾದರೆ ಅದು ಕೀವಿನ ಲಕ್ಷಣವಾಗಿರಬಹುದು. ಅವತ್ತೇ ಆಸ್ಪತ್ರೆಗೆ ಓಡಬೇಕು. ಕೆಲವೇ ವಾರಗಳಲ್ಲಿ ಕಣ್ಣು ಉಬ್ಬಿದರೂ ಕಾಯಬಾರದು. ಗಡ್ಡೆಯೂ ಇರಬಹುದು.

ಮುಖದ ಮೇಲೆ ಗಾಯ ಮಾಡದೆ, ಮೂಗಿನೊಳಗೆ ಎಂಡೋಸ್ಕೋಪ್ ತೂರಿಸಿ ಸಿಂಬಳಕ್ಕೆ ಅಗಲವಾದ ದಾರಿ ಮಾಡಿಕೊಟ್ಟರು. ಚೀಲವನ್ನು ಪೂರ್ತಿ ಕೀಳಬೇಕಾಗಿಲ್ಲ. ಕಣ್ಣು ನಿಧಾನಕ್ಕೆ ತನ್ನ ಜಾಗಕ್ಕೆ ಬಂತು. ಈ ಸಲದ ಜಾತ್ರೆ ಫೋಟೊದಲ್ಲಿ ನೋಡೋಣವೆಂದರೆ, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು ಎರಡೂ ಕಣ್ಣು ಮುಚ್ಚಿ ನಿಂತಿದ್ದಾಳೆ.