ಇಂಜೆಕ್ಟರಿನ ಬುಡದ ವಾಷರ್

ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗವೇ ಇಂಜೆಕ್ಟರ್. ಡೀಸೆಲ್ ಎಂಜಿನ್ನಿನಿಂದ ಕಳಚಿದ ಇಂಜೆಕ್ಟರಿನ ತುದಿಯಲ್ಲಿ ಸಾಮಾನ್ಯವಾಗಿ ಒಂದು ತಾಮ್ರದ ವಾಷರ್ ಅಂಟಿಕೊಂಡಿರುತ್ತದೆ. ಅದನ್ನು ಎಬ್ಬಿಸಿ ಹೊಸ ವಾಷರಿನ ಪಕ್ಕದಲ್ಲಿಟ್ಟು ನೋಡಿ. ಹೊಸದು ಎರಡೂ ಬದಿ ಸಪಾಟು. ಹಳೆಯದರಲ್ಲಿ ಇಂಜೆಕ್ಟರ್ ಕೂತಿದ್ದ ಜಾಗ ಉಂಗುರದಂತೆ ತಗ್ಗಾಗಿದೆ, ಉಗುರಿನಿಂದ ಸವರಿದರೆ ಅದರ ಅಂಚು ತಡೆಯುತ್ತದೆ. ಒಂದು ಕಡೆ ಮಸಿ ಬೀಸಣಿಗೆಯಂತೆ ಹರಡಿದ್ದರೆ ಅನಿಲ ಅಲ್ಲಿಂದಲೇ ಸೋರಿದೆ.

‘ಚೆನ್ನಾಗಿಯೇ ಇದೆಯಲ್ಲ, ಒರೆಸಿ ಹಾಕಿದರಾಯಿತು’ ಎಂಬ ಮಾತು ಹುಟ್ಟುವುದು ಈ ಗಳಿಗೆಯಲ್ಲಿ. ಇಂಜೆಕ್ಟರಿಗೆ ಧಾರಾಳವಾಗಿ ದುಡ್ಡು ಸುರಿದವರೂ ವಾಷರಿನ ಹತ್ತಿರ ಬಂದಾಗ ಏಕೋ ಕೈ ಬಿಗಿ ಮಾಡುತ್ತಾರೆ.

ಈ ಬಿಲ್ಲೆ ತಡೆದು ನಿಲ್ಲಿಸಬೇಕಾದದ್ದು ಏನನ್ನು? ಇಂದಿನ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಉರಿದಾಗ ಸಿಲಿಂಡರಿನ ಒತ್ತಡ 150ರಿಂದ 200 ಬಾರ್‌ವರೆಗೆ ಏರುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ವಾಷರಿನ ಹೊರವ್ಯಾಸ 15 ಮಿಲಿಮೀಟರ್ ಎಂದುಕೊಂಡರೆ, 180 ಬಾರ್ ಒತ್ತಡ ಇಂಜೆಕ್ಟರನ್ನು ಮುನ್ನೂರು ಕಿಲೋಗೂ ಹೆಚ್ಚಿನ ಭಾರದಷ್ಟು ಬಲದಿಂದ ಮೇಲಕ್ಕೆ ನೂಕುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಒಂದೊಂದು ಇಂಜೆಕ್ಟರಿಗೂ ನಿಮಿಷಕ್ಕೆ ಸಾವಿರ ಸಲ ಈ ನೂಕು.

ಕಣ್ಣಿಗೆ ನುಣುಪಾಗಿ ಕಾಣುವ ಲೋಹದ ಮೈಯಲ್ಲೂ ಸೂಕ್ಷ್ಮವಾದ ಏರುತಗ್ಗುಗಳಿರುತ್ತವೆ. ಎರಡು ಗಟ್ಟಿ ಲೋಹಗಳನ್ನು ಒತ್ತಿಹಿಡಿದರೆ ತಾಗುವುದು ದಿಬ್ಬಗಳಷ್ಟೇ, ಕಣಿವೆಗಳು ಹಾಗೆಯೇ ಉಳಿದು ಅನಿಲಕ್ಕೆ ದಾರಿ ಬಿಡುತ್ತವೆ. ಮೆತ್ತನೆಯ ತಾಮ್ರ ಆ ಕಣಿವೆಗಳೊಳಗೆ ಹಿಂಡಿಕೊಂಡು ತುಂಬುತ್ತದೆ. ಆದರೆ ಹೀಗೆ ಹಿಂಡಿಸಿಕೊಂಡ ತಾಮ್ರ ಗಡಸಾಗುತ್ತದೆ. ತಾಮ್ರದ ತಂತಿಯನ್ನು ಒಂದೇ ಜಾಗದಲ್ಲಿ ನಾಲ್ಕು ಸಲ ಬಗ್ಗಿಸಿದವರಿಗೆ ಇದು ಗೊತ್ತು; ಐದನೆಯ ಸಲಕ್ಕೆ ಅದು ಹಟ ಮಾಡುತ್ತದೆ. ಹಳೆಯ ವಾಷರನ್ನು ಮತ್ತೆ ಕೂರಿಸಿದಾಗ ಹಿಂದಿನ ಅಚ್ಚು ಈಗಿನ ಏರುತಗ್ಗಿಗೆ ಹೊಂದುವುದಿಲ್ಲ, ಹೊಸ ಅಚ್ಚು ತಳೆಯುವ ಮೆದುತನವೂ ಉಳಿದಿರುವುದಿಲ್ಲ.

ಕೆಂಪಗೆ ಕಾಯಿಸಿದರೆ ತಾಮ್ರ ಮತ್ತೆ ಮೆತ್ತಗಾಗುವುದು ನಿಜ. ಹಳೆಯ ಎಂಜಿನ್ನುಗಳಿಗೆ ಈ ಉಪಾಯ ನಡೆಯುತ್ತಿತ್ತು. ಆದರೆ ಮೆದುತನ ಮರಳಿದರೂ ದಪ್ಪ ಮರಳುವುದಿಲ್ಲ. ವಾಷರಿನ ದಪ್ಪವೇ ಇಂಜೆಕ್ಟರಿನ ಚಿಮ್ಮುವ ಮೂತಿಯಾದ ನಾಜಲ್ ಸಿಲಿಂಡರಿನೊಳಗೆ ಎಷ್ಟು ಇಳಿಯಬೇಕೆಂಬುದನ್ನು ನಿರ್ಧರಿಸುತ್ತದೆ; ಅದು ಬದಲಾದರೆ ಡೀಸೆಲ್ ಪಿಸ್ಟನ್ನಿನ ಬಟ್ಟಲಿನಲ್ಲಿ ತಪ್ಪು ಜಾಗಕ್ಕೆ ಚಿಮ್ಮುತ್ತದೆ. ಇದಕ್ಕಿಂತ ಕೆಟ್ಟ ತಪ್ಪೊಂದಿದೆ. ಕೆಲವೊಮ್ಮೆ ಹಳೆಯ ವಾಷರ್ ಇಂಜೆಕ್ಟರಿನೊಂದಿಗೆ ಹೊರಬರದೆ ಗುಂಡಿಯ ತಳದಲ್ಲಿ ಮಸಿ ಬಳಿದುಕೊಂಡು ಕೂತಿರುತ್ತದೆ. ನೋಡದೆ ಅದರ ಮೇಲೆ ಹೊಸದನ್ನು ಇಟ್ಟರೆ ನಾಜಲ್ ಒಂದು ವಾಷರಿನಷ್ಟು ಮೇಲೆಯೇ ನಿಂತುಬಿಡುತ್ತದೆ. ಟಾರ್ಚ್ ಹಾಕಿ ಬಗ್ಗಿ ನೋಡುವ ಮೆಕ್ಯಾನಿಕ್ ಮೇಲೆ ನನಗೆ ಗೌರವ ಹೆಚ್ಚು.

ಇನ್ನು ಬೋಲ್ಟ್. ಇಂಜೆಕ್ಟರನ್ನು ಒತ್ತಿಹಿಡಿಯುವ ಕ್ಲ್ಯಾಂಪಿನ ಬೋಲ್ಟನ್ನು ಗಟ್ಟಿ ಮೊಳೆ ಎಂದು ಭಾವಿಸುವುದಕ್ಕಿಂತ ಬಿಗಿಯಾದ ಸ್ಪ್ರಿಂಗ್ ಎಂದು ಭಾವಿಸಿದರೆ ವಿಷಯ ಬೇಗ ಹಿಡಿಯುತ್ತದೆ. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗಲು ಎಳೆಯುವ ಬಲವೇ ಹಿಡಿತ. ಸ್ಪ್ಯಾನರಿನ ಮೇಲೆ ನಾವು ಹಾಕುವ ಶ್ರಮದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಈ ಹಿಗ್ಗುವಿಕೆಗೆ ಸಲ್ಲುತ್ತದೆ, ಉಳಿದದ್ದೆಲ್ಲ ಬೋಲ್ಟಿನ ತಲೆಯಡಿ ಮತ್ತು ಮರೆಯಲ್ಲಿ (ತಿರುಪಿನ ಸುತ್ತುಗಳಲ್ಲಿ) ಉಜ್ಜಾಟಕ್ಕೆ ಖರ್ಚು. ತುಕ್ಕು ಹಿಡಿದ ಮರೆ ಉಜ್ಜಾಟವನ್ನು ಹೆಚ್ಚಿಸಿದರೆ ತಿರುಗಿಸುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಹಿಡಿತ ಮಾತ್ರ ಸಡಿಲ. ಅದಕ್ಕಾಗಿಯೇ ಹಲವು ಎಂಜಿನ್ನುಗಳಲ್ಲಿ ಮೊದಲು ಹಗುರವಾಗಿ ಬಿಗಿದು, ಆಮೇಲೆ 90 ಡಿಗ್ರಿಯಂತಹ ನಿಗದಿತ ಕೋನ ತಿರುಗಿಸಲು ಹೇಳುತ್ತಾರೆ. ಕೋನಕ್ಕೆ ಉಜ್ಜಾಟದ ಹಂಗು ಅಷ್ಟಿಲ್ಲ. ಇಂತಹ ಬೋಲ್ಟುಗಳಲ್ಲಿ ಹಲವನ್ನು ಬೇಕೆಂದೇ ಮರಳಿ ಕುಗ್ಗಲಾರದ ಮಿತಿಯವರೆಗೆ ಎಳೆಯಲಾಗುತ್ತದೆ. ಬಿಚ್ಚಿದಾಗ ಅವು ಮೊದಲಿಗಿಂತ ಉದ್ದ. ಮತ್ತೆ ಎಳೆದರೆ ಕತ್ತು ಸಣ್ಣದಾಗಿ ತುಂಡಾಗಬಹುದು.

ಸೋರಿಕೆ ತಡೆಯುವ ರಬ್ಬರಿನ ಉಂಗುರಗಳಾದ ಓ-ರಿಂಗುಗಳ ಕಥೆ ಬೇರೆ. ದುಂಡಗಿದ್ದದ್ದು ವರ್ಷಗಟ್ಟಲೆ ಬಿಸಿಯಲ್ಲಿ ಅದುಮಿಸಿಕೊಂಡು ಚಪ್ಪಟೆಯಾಗುತ್ತದೆ, ಬಿಟ್ಟರೂ ಪುಟಿದೇಳುವುದಿಲ್ಲ. 1993ರಲ್ಲಿ ಅಮೆರಿಕದ ರಸ್ತೆಗಳಿಗೆ ಕಡಿಮೆ ಗಂಧಕದ ಡೀಸೆಲ್ ಬಂದಾಗ ಹಳೆಯ ನೈಟ್ರೈಲ್ ರಬ್ಬರಿನ ಸೀಲುಗಳು ಸೋರತೊಡಗಿದವು. ಹಳೆಯ ಡೀಸೆಲ್ಲಿನ ಆರೊಮ್ಯಾಟಿಕ್ ಎಂಬ ಹೈಡ್ರೋಕಾರ್ಬನ್ ಅಂಶಗಳನ್ನು ಹೀರಿ ಊದಿಕೊಂಡಿದ್ದ ರಬ್ಬರು, ಅವು ಕಡಿಮೆಯಾದೊಡನೆ ಕುಗ್ಗಿತ್ತು. ಹೊಸ ಸೀಲುಗಳು ಅದೇ ಡೀಸೆಲ್ಲಿನಲ್ಲಿ ಅಷ್ಟು ತೊಂದರೆ ಕೊಡಲಿಲ್ಲ.

ಇಂಜೆಕ್ಟರಿಗೆ ಡೀಸೆಲ್ ತರುವ ಹೆಚ್ಚು ಒತ್ತಡದ ಪೈಪಿನ ತುದಿಯಲ್ಲಿ ವಾಷರೂ ಇಲ್ಲ, ರಬ್ಬರೂ ಇಲ್ಲ. ಉಕ್ಕಿನ ಶಂಕು ಉಕ್ಕಿನ ಕುಳಿಯಲ್ಲಿ ಅಚ್ಚೊತ್ತಿಕೊಂಡು 2000 ಬಾರ್ ಡೀಸೆಲ್ಲನ್ನು ತಡೆಯುತ್ತದೆ. ಆ ಅಚ್ಚೂ ಒಂದೇ ಸಲದ್ದು ಎಂದು ಹಲವು ತಯಾರಕರು ಬಿಚ್ಚಿದ ಪೈಪನ್ನು ಬದಲಿಸಲು ಹೇಳುತ್ತಾರೆ. ಇಲ್ಲಿ ಸೋರಿದರೆ ಬೆರಳಿಟ್ಟು ಹುಡುಕಲೇಬಾರದು, ಆ ಒತ್ತಡದ ಧಾರೆ ಚರ್ಮ ಸೀಳಿ ಒಳಹೋಗುತ್ತದೆ.

ವಾಷರ್ ಸರಿಯಾಗಿ ಕೂರದಿದ್ದರೆ ಎಂಜಿನ್ ತಾನೇ ಹೇಳುತ್ತದೆ: ಸಿಲಿಂಡರಿನ ಮೇಲ್ಭಾಗ ಮುಚ್ಚುವ ಹೆಡ್ಡಿನ ಬಳಿ ‘ಚಫ್ ಚಫ್’ ಸದ್ದು, ಹೊಗೆಯ ವಾಸನೆ. ಸುಮ್ಮನಿದ್ದರೆ ಆ ಹೊಗೆ ಇಂಜೆಕ್ಟರಿನ ಸುತ್ತ ಡಾಂಬರಿನಂತೆ ಗಟ್ಟಿಯಾಗಿ, ಮುಂದಿನ ಸಲ ಇಂಜೆಕ್ಟರ್ ಜಗ್ಗಿದರೂ ಬರುವುದಿಲ್ಲ. ಜೋಡಿಸಿದ ಮೇಲೆ ಬುಡದ ಸುತ್ತ ಸ್ವಲ್ಪ ಸೋಪಿನ ನೀರು ಹನಿಸಿ, ಎಂಜಿನ್ನನ್ನು ಸ್ಟಾರ್ಟ್ ಮಾಡಿ ನೋಡಬೇಕು. ಗುಳ್ಳೆ ಏಳದಿದ್ದರೆ ಕವರ್ ಮುಚ್ಚಬಹುದು.