ಕಡಜದ ಹೊಟ್ಟೆಯಿಂದ ಗುಡಾಣದ ಹೊಟ್ಟೆಗೆ

ಅಕ್ಕನ ಮಗ ಜಾರ್ಜಿಯಾದ ತಿಬಿಲಿಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಕಳೆದ ಸಲ ರಜಕ್ಕೆ ಬಂದಾಗ ಸ್ವೆಟರಿನಲ್ಲಿ ಸುತ್ತಿದ್ದ ಒಂದು ಬಾಟಲಿಯನ್ನು ಮೆಲ್ಲಗೆ ನನ್ನ ಕೈಗಿಟ್ಟ. ಲೇಬಲ್ ಇಲ್ಲ, ಮುಚ್ಚಳಕ್ಕೆ ಟೇಪು. "ಮನೆ ಓನರ್ ಊರಿನದು ಮಾವ, ಅವರದೇ ತೋಟ. ಬಿಳಿ ವೈನ್. ಅಮ್ಮಂಗೆ ಹೇಳ್ಬೇಡಿ" ಅಂದ.

ಗ್ಲಾಸಿಗೆ ಬಗ್ಗಿಸಿದರೆ ಬಿಳಿಯೂ ಅಲ್ಲ, ತಿಳಿಯೂ ಅಲ್ಲ. ಜೇನಿನ ಬಣ್ಣ, ಬೆಳಕಿಗೆ ಹಿಡಿದರೆ ಸ್ವಲ್ಪ ಮಬ್ಬು. ಒಂದು ಗುಟುಕು ಕುಡಿದೆ. ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ ಹಿಡಿದುಕೊಂಡಿತು.

ಬಿಳಿ ವೈನಿನಲ್ಲಿ ಒಗರು ಇರಬಾರದು. ಸಾಮಾನ್ಯವಾಗಿ ಬಿಳಿ ದ್ರಾಕ್ಷಿಯನ್ನು ಹಿಂಡಿ, ಸಿಪ್ಪೆ ಬೀಜ ಆಚೆ ತೆಗೆದು, ಬರೀ ರಸವನ್ನು ಹುದುಗಿಸುತ್ತಾರೆ. ಸಿಪ್ಪೆ ಸಮೇತ ಹುದುಗಿಸುವುದು ಕೆಂಪು ವೈನನ್ನು. ಆದರೆ ಜಾರ್ಜಿಯಾದ ಪೂರ್ವಕ್ಕಿರುವ ಕಾಖೆತಿ ಸೀಮೆಯವರು ಬಿಳಿ ದ್ರಾಕ್ಷಿಗೂ ಕೆಂಪಿನ ಉಪಚಾರವನ್ನೇ ಮಾಡುತ್ತಾರೆ. ಅಲ್ಲಿ ಹೆಚ್ಚಾಗಿ ಬೆಳೆಯುವ ತಳಿ ರ್ಕಾತ್ಸಿತೆಲಿ. ಹಾಗೆಂದರೆ ಕೆಂಪು ತೊಟ್ಟು ಅಂತ ಅರ್ಥ. ಅದನ್ನು ಕಾಲಲ್ಲಿ ತುಳಿದು ರಸ, ಸಿಪ್ಪೆ, ಬೀಜ, ಕೆಲವೊಮ್ಮೆ ತೊಟ್ಟನ್ನೂ ಒಟ್ಟಿಗೇ ಮಡಕೆಗೆ ಸುರಿಯುತ್ತಾರೆ. ಈ ಸಿಪ್ಪೆ-ಬೀಜದ ರಾಶಿಗೆ ಅಲ್ಲಿನ ಹೆಸರು ಚಾಚಾ. ಚಳಿಗಾಲವೆಲ್ಲ ರಸ ಅದರ ಜೊತೆಗೇ ನೆನೆಯುತ್ತದೆ. ಸಿಪ್ಪೆ, ಬೀಜಗಳಿಂದ ಟ್ಯಾನಿನ್ ಇಳಿಯುತ್ತದೆ. ಜಾಸ್ತಿ ಕುದಿಸಿದ ಟೀಯಲ್ಲಿ, ಎಳೆ ಅಡಿಕೆಯಲ್ಲಿ ಇರುವುದೂ ಇದೇ ಜಾತಿಯ ವಸ್ತು. ಅದು ಎಂಜಲಿನ ಪ್ರೋಟೀನನ್ನು ಹಿಡಿದು ಗಂಟು ಹಾಕುತ್ತದೆ. ಬಾಯಿಯ ಜಾರು ಹೋಗುತ್ತದೆ, ನಾವು ಒಗರು ಅನ್ನುತ್ತೇವೆ.

ಮಡಕೆ ಅಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರ ಹೆಸರು ಕ್ವೆವ್ರಿ. ಮೊಟ್ಟೆಯ ಆಕಾರ, ಚೂಪು ತಳ, ಒಳಗೆ ಜೇನುಮೇಣದ ಲೇಪ. ಸಾವಿರ ಲೀಟರ್ ಹಿಡಿಯುವುದೂ ಸಾಮಾನ್ಯ. ಬಾಯಿ ಮಾತ್ರ ಬಿಟ್ಟು ಇಡೀ ಮಡಕೆಯನ್ನು ನೆಲದಲ್ಲಿ ಹೂಳುತ್ತಾರೆ. ಹಾಗಾಗಿ ವೈನ್ ಕೋಣೆಗೆ ಹೋದರೆ ಕಾಣುವುದು ನೆಲದಲ್ಲಿ ಸಾಲಾಗಿ ದುಂಡನೆಯ ತೂತುಗಳು, ಅಷ್ಟೇ. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾನ್ಯ ತುಂಬಿಡುವ ನೆಲಗುಂಡಿಯಾದ ಹಗೇವಿನೊಳಗೆ ಗುಡಾಣವೆಂಬ ದೊಡ್ಡ ಮಡಕೆ ಇಳಿಸಿದರೆ ಹೇಗೋ, ಹಾಗೆ.

ಹೂಳುವುದಕ್ಕೆ ಕಾರಣವಿದೆ. ಹುದುಗುವಾಗ ರಸ ಬಿಸಿಯಾಗುತ್ತದೆ. ಬಿಸಿ ಮಿತಿಮೀರಿದರೆ ಯೀಸ್ಟ್ ಸಾಯುತ್ತದೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸುತ್ತಲಿನ ತಂಪು ಮಣ್ಣು ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಮೊದಲ ವಾರಗಳಲ್ಲಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಹೊದಿಕೆ ಮಾಡುತ್ತವೆ. ದಿನಕ್ಕೆ ಮೂರು ನಾಲ್ಕು ಸಲ ಉದ್ದ ಕೋಲಿನಲ್ಲಿ ಅದನ್ನು ಒಳಕ್ಕೆ ಅದುಮಬೇಕು. ಅದುಮಿದಾಗೆಲ್ಲ ಬುಸ್ ಅಂತ ಸದ್ದು. ಮರೆತರೆ ಮೇಲಿನ ಸಿಪ್ಪೆ ಒಣಗಿ, ಗಾಳಿ ತಾಗಿ, ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ಗುಳ್ಳೆ ನಿಂತ ಮೇಲೆ ಸಿಪ್ಪೆ ತಾನಾಗಿ ಮುಳುಗುತ್ತದೆ. ಬೀಜಗಳು ಚೂಪು ತಳಕ್ಕೆ ಇಳಿದು ಒತ್ತೊತ್ತಾಗಿ ಕೂರುವುದರಿಂದ ಅವುಗಳ ಕಹಿ ರಸಕ್ಕೆ ಅಷ್ಟಾಗಿ ಬಿಡುವುದಿಲ್ಲ. ಆಗ ಮಡಕೆಯನ್ನು ಕಂಠಮಟ್ಟ ತುಂಬಿಸಿ, ಮುಚ್ಚಳ ಇಟ್ಟು, ಹಸಿ ಜೇಡಿಮಣ್ಣು ಮೆತ್ತುತ್ತಾರೆ.

ಈ ನೆಲದ ವೈನಿಗೆ ವಯಸ್ಸೂ ಸಣ್ಣದಲ್ಲ. ತಿಬಿಲಿಸಿಯ ದಕ್ಷಿಣಕ್ಕಿರುವ ಗಡಾಚ್ರಿಲಿ ಗೋರಾ, ಶುಲಾವೆರಿ ಗೋರಾ ಎಂಬ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಕುರುಹು ಇತ್ತು ಎಂದು 2017ರಲ್ಲಿ ಪ್ರಕಟವಾಯಿತು. ಸುಮಾರು 8000 ವರ್ಷ ಹಿಂದಿನ ಚೂರುಗಳು ಅವು.

ಇಷ್ಟೆಲ್ಲದರಲ್ಲಿ ಯೀಸ್ಟ್ ಹಾಕಿದ್ದು ಯಾರು? ಯಾರೂ ಅಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಪ್ಯಾಕೆಟ್ ಒಡೆದು ಸುರಿಯುತ್ತಾರೆ. ಇಲ್ಲಿ ಅದು ತಾನೇ ಬರಬೇಕು, ಇಡ್ಲಿ ಹಿಟ್ಟು ತಾನಾಗಿ ಹುದುಗುವ ಹಾಗೆ. ದ್ರಾಕ್ಷಿ ಮೇಲಿನ ಬಿಳಿ ಪುಡಿಯೇ ಯೀಸ್ಟ್ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಬರೀ ಮೇಣ. ವೈನಿಗೆ ಬೇಕಾದ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್ ಗಟ್ಟಿ ಹಣ್ಣಿನ ಮೇಲೆ ಸಿಗುವುದು ತೀರಾ ಅಪರೂಪ, ಒಡೆದ ಹಣ್ಣಿನಲ್ಲಿ ಜಾಸ್ತಿ. ಹಣ್ಣು ಕಚ್ಚಿ ಒಡೆಯುವುದು ಯಾರು? ಕಡಜ. 2012ರಲ್ಲಿ ಇಟಲಿಯ ವಿಜ್ಞಾನಿಗಳು ಕಡಜಗಳ ಹೊಟ್ಟೆ ಬಗೆದು ನೋಡಿದರು. ರಾಣಿ ಕಡಜ ಚಳಿಗಾಲವಿಡೀ ನಿದ್ದೆ ಮಾಡುವಾಗ ಯೀಸ್ಟ್ ಅವಳ ಹೊಟ್ಟೆಯಲ್ಲೇ ಬದುಕಿರುತ್ತದೆ. ವಸಂತದಲ್ಲಿ ಅವಳು ಮರಿಗಳಿಗೆ ತುತ್ತು ಕೊಡುವಾಗ ಯೀಸ್ಟೂ ಜೊತೆಗೆ ಹೋಗುತ್ತದೆ. ಆ ಮರಿಗಳು ದೊಡ್ಡವಾಗುವ ಹೊತ್ತಿಗೆ ತೋಟದಲ್ಲಿ ಹಣ್ಣು ಮಾಗಿರುತ್ತದೆ.

ಆದರೂ ಮೊದಲ ದಿನಗಳಲ್ಲಿ ಗುಡಾಣ ಕಡಜ ತಂದ ಈ ಯೀಸ್ಟಿನ ಕೈಯಲ್ಲಿ ಇರುವುದಿಲ್ಲ. ಹಣ್ಣಿನ ಮೇಲಿದ್ದ ಬೇರೆ ಯೀಸ್ಟ್‌ಗಳು ಶುರು ಮಾಡುತ್ತವೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇ. 1ರಷ್ಟು ಮದ್ಯಸಾರ. ಅದು ಶೇ. 4–5 ದಾಟುತ್ತಿದ್ದಂತೆ ಆ ಮೊದಲಿನವು ಸುಸ್ತಾಗುತ್ತವೆ. ತಡೆದುಕೊಳ್ಳಬಲ್ಲದ್ದು ಕಡಜ ತಂದ ಯೀಸ್ಟ್, ಕೊನೆತನಕ ಅದೇ ನಡೆಸುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಬಂದು ಹಸಿ ಸೇಬಿನ ಹುಳಿಯನ್ನು ಮೊಸರಿನ ಹುಳಿಯಾಗಿ ಬದಲಿಸಿ ರುಚಿಯನ್ನು ಮೆತ್ತಗೆ ಮಾಡುತ್ತವೆ.

ಹೊರಗಿನದನ್ನು ಆದಷ್ಟು ಕಡಿಮೆ ಸೇರಿಸಿ ಮಾಡುವ ಇಂಥ ವೈನಿಗೆ ಇಟ್ಟಿರುವ "ನೈಸರ್ಗಿಕ ವೈನ್" ಎಂಬ ಹೆಸರು ಕೇಳಿದರೆ ನನಗೆ ಸ್ವಲ್ಪ ಕಿರಿಕಿರಿ. ಸುಮ್ನೆ ಬಿಟ್ಟರೆ ದ್ರಾಕ್ಷಿ ರಸ ವಿನೆಗರ್ ಆಗುತ್ತದೆ, ಅದೇ ಅದರ ನಿಸರ್ಗ. ವೈನ್ ಕೆಡದಿರಲೆಂದು ಹೆಚ್ಚಿನವರು ಹಾಕುವುದು ಗಂಧಕದ ಡೈಆಕ್ಸೈಡ್. ಐರೋಪ್ಯ ಒಕ್ಕೂಟದಲ್ಲಿ ಸಿಹಿಯಿಲ್ಲದ ಬಿಳಿ ವೈನಿಗೆ ಲೀಟರಿಗೆ 200 ಮಿಲಿಗ್ರಾಂವರೆಗೆ ಅನುಮತಿ ಇದೆ. ಫ್ರಾನ್ಸಿನಲ್ಲಿ 2020ರಿಂದ ಬಂದ ನೈಸರ್ಗಿಕ ವೈನಿನ ಗುರುತಿಗೆ 30 ಮಿಲಿಗ್ರಾಂ ಮಿತಿ. ಪೂರ್ತಿ ಸೊನ್ನೆ ಮಾಡುವುದು ಕಷ್ಟ, ಯಾಕೆಂದರೆ ಯೀಸ್ಟೇ ಸ್ವಲ್ಪ ತಯಾರಿಸುತ್ತದೆ. ಇದನ್ನು ಹಾಕದ ಕುಟುಂಬ ಅದರ ಬದಲು ಬೆವರು ಹಾಕಬೇಕು. ಕೊಳೆತ ಹಣ್ಣು ಆರಿಸಬೇಕು. ಖಾಲಿ ಕ್ವೆವ್ರಿಯನ್ನು ಚೆರ್ರಿ ಮರದ ತೊಗಟೆಯ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ತೊಳೆಯಬೇಕು. ದೊಡ್ಡ ಮಡಕೆಯಾದರೆ ಒಬ್ಬರು ಒಳಗೇ ಇಳಿಯಬೇಕು.

ನನ್ನ ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಮೂರನೇ ದಿನ ತೆಗೆದು ಮೂಸಿದೆ, ಚೆನ್ನಾಗೇ ಇತ್ತು. ನುಂಗಿದೆ. ಹತ್ತು ಸೆಕೆಂಡ್ ಆದ ಮೇಲೆ ಬಾಯಿತುಂಬ ಇಲಿಗೂಡಿನ ವಾಸನೆ! ವೈನ್ ಬಲ್ಲವರು ಇದನ್ನು ಇಲಿ ವಾಸನೆ ಅಂತಲೇ ಕರೆಯುತ್ತಾರೆ. ಕೆಲವು ಬ್ಯಾಕ್ಟೀರಿಯಾ, ಯೀಸ್ಟ್‌ಗಳು ಮಾಡುವ ವಸ್ತುಗಳಿವು. ಗಂಧಕ ಕಡಿಮೆ ಇರುವ ವೈನಿನಲ್ಲಿ ಇವುಗಳ ಕಾಟ ಹೆಚ್ಚು. ಹುಳಿ ದ್ರವದಲ್ಲಿ ಇವು ಹಾರಿ ಮೂಗಿಗೆ ಬರುವುದಿಲ್ಲ. ಬಾಯಲ್ಲಿ ಎಂಜಲು ಸೇರಿ ಹುಳಿ ತಗ್ಗಿದ ಮೇಲೆ ಏಳುತ್ತವೆ. ತಮಾಷೆ ಅಂದರೆ ಇವುಗಳಲ್ಲಿ ಒಂದು ಬಾಸ್ಮತಿ ಅಕ್ಕಿಗೆ ಪರಿಮಳ ಕೊಡುವ ವಸ್ತುವೇ.

ಹುಡುಗನಿಗೆ ಫೋನ್ ಮಾಡಿ ಹೇಳಿದೆ. "ಮೂರು ದಿನ ಇಟ್ಕೊಂಡಿದ್ರಾ?" ಅಂತ ಜೋರಾಗಿ ನಕ್ಕ. "ಇಲ್ಲಿ ಮುಚ್ಚಳ ತೆಗೆದ ಬಾಟಲಿ ಬೆಳಗಿನವರೆಗೆ ಇರೋದನ್ನ ನಾನು ನೋಡಿಯೇ ಇಲ್ಲ ಮಾವ."