ಫ್ಲೋಟ್ ಸಂಖ್ಯೆಗಳ ಹೋಲಿಕೆ: ಎಷ್ಟು ಹತ್ತಿರವಿದ್ದರೆ ಸಮ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1 + 0.2 == 0.3 (== ಎಂದರೆ ‘ಎರಡೂ ಸಮವೇ?’) ಎಂದು ಬರೆದು ಎಂಟರ್ ಒತ್ತಿದರೆ ‘ಫಾಲ್ಸ್’, ಅಂದರೆ ‘ಸುಳ್ಳು’ ಎಂಬ ಉತ್ತರ ಬರುತ್ತದೆ. ಮೊತ್ತವನ್ನು ಮುದ್ರಿಸಿ ನೋಡಿದರೆ 0.30000000000000004 ಎಂದಿರುತ್ತದೆ. ತಪ್ಪು ಪೈಥಾನ್‌ನದಲ್ಲ. ದಶಮಾಂಶ ಬಿಂದುವಿರುವ ಸಂಖ್ಯೆಗಳನ್ನು, ಅಂದರೆ ಫ್ಲೋಟ್‌ಗಳನ್ನು, ಕಂಪ್ಯೂಟರ್ ಇಟ್ಟುಕೊಳ್ಳುವ 1985ರ ಐಇಇಇ 754 ಮಾನಕದ 64 ಬಿಟ್‌ಗಳ ರೂಪದಲ್ಲಿ ಸಂಖ್ಯೆಯ ನಿಖರತೆಗೆ ಸಿಗುವುದು 53 ದ್ವಿಮಾನ ಅಂಕಿಗಳಷ್ಟೇ. ಛೇದವು 2ರ ಘಾತವಾಗಿರುವ 1/2, 3/8ರಂಥ ಭಿನ್ನರಾಶಿಗಳು ಅದರಲ್ಲಿ ಸರಿಯಾಗಿ ಕೂರುತ್ತವೆ. 1/10ರ ಛೇದದಲ್ಲಿ 5 ಸೇರಿರುವುದರಿಂದ, ನಾವು 1/3 ಅನ್ನು 0.333... ಎಂದು ಬರೆದು ಎಲ್ಲೋ ಒಂದು ಕಡೆ ಕೈಬಿಡುವಂತೆ, ಯಂತ್ರವೂ ಅದನ್ನು ನಡುವೆ ಕತ್ತರಿಸಿ ಹತ್ತಿರದ ಸಂಖ್ಯೆಗೆ ಹೊಂದಿಸಬೇಕಾಗುತ್ತದೆ.

ಹಾಗಾದರೆ ಎರಡರ ವ್ಯತ್ಯಾಸವು 0.000000001ಕ್ಕಿಂತ ಕಡಿಮೆಯಿದ್ದರೆ ಸಮವೆಂದು ಬಗೆಯೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನಾನೂ ಬಹಳ ದಿನ ಹಾಗೆಯೇ ಬರೆಯುತ್ತಿದ್ದೆ. ಆದರೆ ಫ್ಲೋಟ್‌ಗಳ ನಡುವಿನ ಅಂತರ ಎಲ್ಲೆಡೆ ಒಂದೇ ಅಲ್ಲ, ಸಂಖ್ಯೆ ದೊಡ್ಡದಾದಂತೆ ಅದೂ ಹಿಗ್ಗುತ್ತದೆ. ಒಂದು ಕೋಟಿಯ ಆಸುಪಾಸಿನಲ್ಲಿ ಅಕ್ಕಪಕ್ಕದ ಎರಡು ಫ್ಲೋಟ್‌ಗಳ ಅಂತರವೇ ಸುಮಾರು 0.0000000019. ಅಂದರೆ ಅಲ್ಲಿ ನಾವು ಒಪ್ಪಿಕೊಂಡ ವ್ಯತ್ಯಾಸದ, ಎಂದರೆ ನಮ್ಮ ‘ಸಹನೆ’ಯ, ಮಿತಿಯೊಳಗೆ ಬೇರೆ ಯಾವ ಸಂಖ್ಯೆಯೂ ಇಲ್ಲ; ನಾವು ಬರೆದದ್ದು ಬರೀ ವೇಷ ಬದಲಿಸಿದ ==.

ಆದ್ದರಿಂದ ಸಂಖ್ಯೆಗಳ ಗಾತ್ರಕ್ಕೆ ತಕ್ಕಂತೆ ಅಳೆಯುವ ಸಾಪೇಕ್ಷ ಹೋಲಿಕೆ ಬೇಕು. ಪೈಥಾನ್ 3.5ರಿಂದ ಲಭ್ಯವಿರುವ ಮ್ಯಾಥ್ ಮಾಡ್ಯೂಲಿನ ‘ಈಸ್‌ಕ್ಲೋಸ್’ ಎಂಬ ಫಂಕ್ಷನ್ ಮಾಡುವುದು ಇದನ್ನೇ: ವ್ಯತ್ಯಾಸವು ಎರಡರಲ್ಲಿ ದೊಡ್ಡದರ ನೂರು ಕೋಟಿಯಲ್ಲೊಂದು ಪಾಲನ್ನು ಮೀರದಿದ್ದರೆ ‘ಟ್ರೂ’. ಆದರೆ ಇಲ್ಲೊಂದು ಗುಂಡಿಯಿದೆ. 0.1 + 0.2 ಅನ್ನು 0.3ರೊಂದಿಗೆ ಹೋಲಿಸಿದರೆ ಅದು ‘ಟ್ರೂ’ ಎನ್ನುತ್ತದೆ. ಅದೇ ಪ್ರಶ್ನೆಯನ್ನು ತಿರುಗಿಸಿ, 0.1 + 0.2 - 0.3 ಅನ್ನು 0ಯೊಂದಿಗೆ ಹೋಲಿಸಿದರೆ ‘ಫಾಲ್ಸ್’ ಎನ್ನುತ್ತದೆ. ಏಕೆಂದರೆ ಈಗ ಎರಡರಲ್ಲಿ ದೊಡ್ಡದು ಆ ಚಿಲ್ಲರೆ ಶೇಷವೇ, ಅದರ ನೂರು ಕೋಟಿಯಲ್ಲೊಂದು ಪಾಲಿಗಿಂತ ಅದು ಚಿಕ್ಕದಾಗುವುದು ಸಾಧ್ಯವೇ ಇಲ್ಲ. ಸಂಖ್ಯೆಗಳ ಗಾತ್ರವನ್ನು ನೋಡದ ನಿರಪೇಕ್ಷ ಸಹನೆಯನ್ನು ‘ಈಸ್‌ಕ್ಲೋಸ್’ಗೆ ‘ಆ್ಯಬ್ಸ್ ಟಾಲ್’ ಎಂಬ ಹೆಸರಿನಲ್ಲಿ ಕೊಡಬಹುದು; ನಾವು ಕೊಡದಿದ್ದರೆ ಅದು ತಾನಾಗಿ 0 ಆಗಿರುತ್ತದೆ. ಸೊನ್ನೆಯ ಬಳಿ ಹೋಲಿಸುವಾಗ ನಾವೇ ಅದಕ್ಕೊಂದು ಬೆಲೆ ಕೊಡಬೇಕು, ಆ ಬೆಲೆಯನ್ನು ಲೆಕ್ಕದ ವಿಷಯ ನೋಡಿ ನಿರ್ಧರಿಸಬೇಕು: ಮೀಟರಿನಲ್ಲಿ ಬರೆದ ಕೋಣೆಯ ಅಳತೆಗೆ ಒಂದು ಮಿಲಿಮೀಟರ್, ಅಂದರೆ 0.001 ಸಾಕಾದೀತು, ಸೂಕ್ಷ್ಮದರ್ಶಕದ ಅಳತೆಗೆ ಸಾಲದು.

ಹಣದ ಲೆಕ್ಕಕ್ಕೆ ಮಾತ್ರ ಈ ಯಾವ ಉಪಾಯವೂ ಬೇಡ; ಮೊತ್ತವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡರೆ == ಧಾರಾಳವಾಗಿ ಬಳಸಬಹುದು.